ಗೆದ್ದವರ ಪಾಪಕ್ಕೆ ನ್ಯಾಯಾಸನವೆಲ್ಲಿ?

1945ನೆಯ ಮೇ 2ರಂದು ಬರ್ಲಿನ್ ನಗರವು ರಶಿಯನ್ ಸೈನ್ಯಕ್ಕೆ ಶರಣಾಯಿತು. ಒಂದು ವಾರದಲ್ಲಿ ಜರ್ಮನಿಯೇ ಶಸ್ತ್ರವನ್ನು ಕೆಳಗಿಟ್ಟಿತು. ಹಿಟ್ಲರನ ರಾಕ್ಷಸೀ ರಾಜ್ಯವು ನೆಲಕಚ್ಚಿದ್ದಕ್ಕಾಗಿ ಜಗತ್ತು ಸಮಾಧಾನದ ಉಸಿರೆಳೆದುದು ಸಹಜವೇ. ಆದರೆ ಪಾಳುಬಿದ್ದ ಆ ನಗರದ ನೆಲಮಾಳಿಗೆಗಳಿಂದ ಎದ್ದ ಸ್ತ್ರೀಯರ ಆಕ್ರಂದನವು ವಿಜಯವಾದ್ಯಗಳ ಘೋಷದಲ್ಲಿ ಅಡಗಿಹೋಯಿತು. ಬರ್ಲಿನ್ನಿನಲ್ಲಿಯೇ ಸುಮಾರು 1 ಲಕ್ಷ ಸ್ತ್ರೀಯರು ಸೈನಿಕರ ಬಲಾತ್ಕಾರಕ್ಕೆ ತುತ್ತಾದರೆಂದು ಇತಿಹಾಸಕಾರರ ಅಂದಾಜು. ಪೂರ್ವ ಪ್ರಶಿಯಾ ಮೊದಲಾದ ಪ್ರಾಂತಗಳನ್ನು ಸೇರಿಸಿ 20 ಲಕ್ಷವೆಂದು ಎಣಿಸುವವರೂ ಉಂಟು. ಈ ಅಂಕಿಗಳು ವಾದಗ್ರಸ್ತವಾದವು, ನಿಜ. ಆದರೆ ಅರ್ಧವನ್ನು ಕಳೆದರೂ ಉಳಿಯುವದು ಪಾಪದ ಪರ್ವತವೇ.

ಇದಕ್ಕೆ ಸಮಾಧಾನ ಹೇಳುವವರು ರಶಿಯಾ ಉಂಡ ದುಃಖವನ್ನು ಮುಂದಿಡುತ್ತಾರೆ. ಆ ದುಃಖವು ಅಲ್ಪವಾದುದಲ್ಲ. ಸುಮಾರು 2 ಕೋಟಿ 70 ಲಕ್ಷ ಪ್ರಜೆಗಳನ್ನು ಆ ದೇಶವು ಕಳೆದುಕೊಂಡಿತು. ಲೆನಿನ್‌ಗ್ರಾಡ್ ನಗರವು 872 ದಿವಸ ಮುತ್ತಿಗೆಯಲ್ಲಿ ಹಸಿದು ಸತ್ತಿತು. ಆದರೆ ಆ ಸೈನಿಕರ ಕೈಗೆ ಸಿಕ್ಕವರಲ್ಲಿ ಪೋಲಿಷ್ ಸ್ತ್ರೀಯರಿದ್ದರು; ಜರ್ಮನರು ಗುಲಾಮಗಿರಿಗೆ ಎಳೆದೊಯ್ದಿದ್ದ ಯುಕ್ರೇನ್ ಮತ್ತು ರಶಿಯಾ ದೇಶಗಳ ತರುಣಿಯರೂ ಇದ್ದರು. ಇವರ ಮೇಲೆ ತೀರಿಸಿಕೊಳ್ಳಬೇಕಾದ ಸೇಡು ಯಾವುದು? ಆದುದರಿಂದ ಸೇಡೆಂಬುದು ಇಲ್ಲಿ ಪೂರ್ಣ ಕಾರಣವಲ್ಲ, ಬಹುಮಟ್ಟಿಗೆ ನೆಪ; ತಡೆಯುವವರಿಲ್ಲದ ಶಸ್ತ್ರಬಲದ ಮದವೇ ಮೂಲವೆಂದು ಹೇಳದೆ ಗತ್ಯಂತರವಿಲ್ಲ.

ಅಧಿಕಾರಿಗಳಿಗೆ ಇದು ತಿಳಿಯದ ಸಂಗತಿಯೇ? 1945ನೆಯ ಏಪ್ರಿಲ್ 20ರಂದು, ಜರ್ಮನರೊಡನೆ ವರ್ತನೆಯನ್ನು ತಿದ್ದಿಕೊಳ್ಳಬೇಕೆಂದು ಮಾಸ್ಕೋದಿಂದ ಆಜ್ಞೆ ಹೊರಟಿತ್ತು. ತಿಳಿಯದಿದ್ದರೆ ಆಜ್ಞೆಯೇಕೆ? ಆದರೆ ಪೂರ್ವ ಪ್ರಶಿಯಾದಲ್ಲಿ ಈ ಅನಾಚಾರವನ್ನು ಕಣ್ಣಾರೆ ಕಂಡು ಪ್ರತಿಭಟಿಸಿದ ಲೆವ್ ಕೊಪೆಲೆವ್ ಎಂಬ ರಶಿಯನ್ ಅಧಿಕಾರಿಗೆ ದೊರೆತ ಬಹುಮಾನ ಸೆರೆಮನೆ. ಶತ್ರುವಿಗೆ ಕರುಣೆ ತೋರಿದನೆಂಬುದೇ ಅವನ ಅಪರಾಧ!

ಕಾಯಿದೆಯು ಇರಲಿಲ್ಲವೆನ್ನುವಂತಿಲ್ಲ. ಆಕ್ರಮಿತ ಪ್ರದೇಶದಲ್ಲಿ ಕುಟುಂಬದ ಮಾನವನ್ನು ಕಾಯಬೇಕೆಂದು 1907ರ ಹೇಗ್ ಒಪ್ಪಂದವು ವಿಧಿಸಿತ್ತು. 1945ರ ಡಿಸೆಂಬರಿನಲ್ಲಿ ರಶಿಯಾ ಸಹಿತ ನಾಲ್ಕು ವಿಜಯೀ ರಾಷ್ಟ್ರಗಳು ಜರ್ಮನಿಯಲ್ಲಿ ಜಾರಿಗೆ ತಂದ ಕಾಯಿದೆಯು ಬಲಾತ್ಕಾರವನ್ನು ಮಾನವಕುಲದ ವಿರುದ್ಧದ ಅಪರಾಧಗಳಲ್ಲಿ ಹೆಸರಿಸಿಯೇ ಸೇರಿಸಿತು. ಆದರೆ ನ್ಯೂರೆಂಬರ್ಗಿನ ನ್ಯಾಯಸ್ಥಾನಕ್ಕೆ ಸೋತವರನ್ನು ವಿಚಾರಿಸುವ ಅಧಿಕಾರ ಮಾತ್ರವಿದ್ದಿತು. ಟೋಕಿಯೋದಲ್ಲಿಯೂ ಅದೇ ಕಥೆ. ಅಲ್ಲಿ ನಮ್ಮ ದೇಶದ ನ್ಯಾಯಮೂರ್ತಿ ರಾಧಾವಿನೋದ ಪಾಲರು, ಜಪಾನೀ ಸೈನ್ಯದ ಕ್ರೌರ್ಯವನ್ನು ಅಲ್ಲಗಳೆಯದೆಯೇ, ವಿಜಯಿಗಳು ಕೂಡಿಸಿದ ನ್ಯಾಯಪೀಠದ ಮೂಲವನ್ನೇ ಪ್ರಶ್ನಿಸಿ 1948ರಲ್ಲಿ ಭಿನ್ನಮತವನ್ನು ಬರೆದರು. ಅವರ ತೀರ್ಮಾನವನ್ನು ಒಪ್ಪದವರೂ ಆ ಪ್ರಶ್ನೆಯನ್ನು ತಳ್ಳಿಹಾಕಲಾರರು.

ಹೀಗೆಂದು ನಾಜಿಗಳ ಪಾಪವು ಕೂದಲೆಳೆಯಷ್ಟೂ ಹಗುರಾಗದು. ನ್ಯೂರೆಂಬರ್ಗಿನ ಶಿಕ್ಷೆಗಳು ಅನ್ಯಾಯವೆಂದು ನಮ್ಮ ಅಭಿಪ್ರಾಯವಲ್ಲ. ಅಲ್ಲಿ ನ್ಯಾಯವು ಅರ್ಧ ದಾರಿಯಲ್ಲಿ ನಿಂತಿತೆಂಬುದೇ ನಮ್ಮ ದೂರು. ಬರ್ಲಿನ್ನಿನ ಒಬ್ಬ ಸ್ತ್ರೀಯು ಹೆಸರನ್ನು ಮರೆಮಾಡಿ ಪ್ರಕಟಿಸಿದ ದಿನಚರಿಯು 1959ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದಾಗ, ಸ್ವದೇಶೀಯರೇ ಅವಳನ್ನು ನಿಂದಿಸಿದರು. ಅದಕ್ಕೆ ಗೌರವವು ದೊರೆತುದು 2003ರ ಮರುಮುದ್ರಣದ ತರುವಾಯ.

1998ರ ರೋಮ್ ಒಪ್ಪಂದದಿಂದ ಈಗ ಒಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವೇನೋ ಇರುವದು. ಅಮೆರಿಕ, ರಶಿಯಾ, ಚೀನಗಳು ಅದರ ಹೊರಗೆ. ನಮ್ಮ ಭಾರತವೂ ಹೊರಗೆಯೇ. ಗೆದ್ದವನನ್ನು ಕಟಕಟೆಗೆ ಎಳೆಯಬಲ್ಲ ಪರಕೀಯ ಶಕ್ತಿಯು ಇಂದಿಗೂ ದುರ್ಲಭ. ಹೀಗಿರುವಾಗ ವಿಜಯಿಯನ್ನು ಪ್ರಶ್ನಿಸುವ ಭಾರವು ಅವನ ಸ್ವದೇಶದ ಪ್ರಜೆಗಳ ಮೇಲೆಯೇ ಬೀಳುವದು. ತನ್ನ ಸೈನ್ಯದ ಶೌರ್ಯಕ್ಕೆ ಹೆಮ್ಮೆಪಡುವ ರಾಷ್ಟ್ರವು ಅದರ ತಪ್ಪನ್ನು ತೋರಿಸುವವನನ್ನು ದ್ರೋಹಿಯೆಂದು ಸೆರೆಗೆ ತಳ್ಳಿದರೆ, ಶತ್ರುವಿನ ನೆಲವನ್ನು ಗೆದ್ದರೂ ತನ್ನ ಮಾನವನ್ನು ಸೋತಂತೆಯೇ ಸರಿ.