ಸೂರ್ಯನನ್ನು ವೇಮಗಲ್‌ನಲ್ಲಿ ನಿಲ್ಲಿಸೋಣ

2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ಹಾರಿದಾಗ ನಮ್ಮ ಟೀವಿಯವರ ಸಂಭ್ರಮ ನಿಮಗೂ ನೆನಪಿರಬಹುದು. ಸೂರ್ಯನ ಅಂಗಳಕ್ಕೆ ಹೊರಟಿತು, ಬೆಂಕಿಯುಂಡೆಯ ಬಾಗಿಲು ತಟ್ಟುತ್ತೆ ಅನ್ನೋ ಥರದ ಮಾತುಗಳು. ಹಿಂದೆ ಧಗಧಗ ಉರಿಯೋ ಗ್ರಾಫಿಕ್ಸು, ಅದರ ಮುಂದೆ ಪುಟ್ಟ ನೌಕೆ. ನೋಡಿದವರಿಗೆ ಅದು ಕರಗಿ ಹೋಗಲ್ವಾ ಅಂತ ಭಯ ಆಗಬೇಕು, ಹಾಗಿತ್ತು.

ನಿಜ ಏನು? 2024ರ ಜನವರಿ 6ರಂದು ಆದಿತ್ಯ ತನ್ನ ಜಾಗ ಸೇರಿತು. ಆ ಜಾಗ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರ. ಸೂರ್ಯ ಇರೋದು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಅಂದರೆ ಹೋಗಿದ್ದು ನೂರರಲ್ಲಿ ಒಂದು ಪಾಲು. ವೇಮಗಲ್‌ನಿಂದ ತಿರುಪತಿಗೆ ಹೊರಟವನು ಎರಡು ಕಿಲೋಮೀಟರ್ ಕೂಡ ದಾಟದೆ ನಿಂತು "ಗೋವಿಂದಾ, ನಿನ್ನ ಹತ್ತಿರ ಬಂದೆ" ಅಂದ ಹಾಗಾಯ್ತು :-)

ಇದರಿಂದ ಆದಿತ್ಯನ ಸಾಧನೆ ಒಂದಿಷ್ಟೂ ಕಡಿಮೆಯಾಗಲ್ಲ. ಅದು ಹತ್ತಿರ ಹೋಗೋಕೆ ಹೊರಟಿದ್ದೇ ಅಲ್ಲ. ಸೂರ್ಯ ಮತ್ತು ಭೂಮಿಯ ಸೆಳೆತ ಎರಡೂ ಸೇರಿ ನೌಕೆಯನ್ನು ಭೂಮಿಯ ಜೊತೆಜೊತೆಗೇ ಸುತ್ತಿಸೋ ಜಾಗ ಅದು. ಅಲ್ಲಿ ಗ್ರಹಣದ ಕಾಟ ಇಲ್ಲ, ರಾತ್ರಿ ಇಲ್ಲ, ಸೂರ್ಯ ಸದಾ ಕಣ್ಣೆದುರು. ಆ ನೌಕೆಯ ಮುಖ್ಯ ಕಣ್ಣು, ಸೂರ್ಯನ ಕರೋನಾ ನೋಡೋ ಉಪಕರಣ, ಜೋಡಣೆಯಾಗಿದ್ದು ನಮ್ಮ ಪಕ್ಕದ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ಇನ್ನೊಂದು ಕಡೆ ಗೌರಿಬಿದನೂರು. 2007ರವರೆಗೆ ನಮ್ಮ ಕೋಲಾರ ಜಿಲ್ಲೆಯದೇ ತಾಲ್ಲೂಕು. ಅಲ್ಲಿ 1997ರಿಂದ ರೇಡಿಯೋ ಹೀಲಿಯೋಗ್ರಾಫ್ ಸೂರ್ಯನಿಗೆ ಕಿವಿ ಕೊಟ್ಟು ಕೂತಿದೆ. ಸೂರ್ಯನನ್ನು ಓದೋ ಇಂಥ ಎರಡು ಜಾಗಗಳ ನಡುವೆ ಬೆಳೆಯೋ ಮಕ್ಕಳಿಗೆ ಸೂರ್ಯ ಎಷ್ಟು ದೂರ ಅನ್ನೋ ಅಂದಾಜೇ ಇಲ್ಲದಿದ್ದರೆ ಹೇಗೆ?

ತಪ್ಪು ಮಕ್ಕಳದ್ದಲ್ಲ, ಟೀವಿಯವರದ್ದೂ ಪೂರ್ತಿ ಅಲ್ಲ. ನಾವೆಲ್ಲ ಓದಿದ ಪಾಠದ ಚಿತ್ರ ನೆನಪು ಮಾಡಿಕೊಳ್ಳಿ. ಎಡಗಡೆ ಅರ್ಧ ಸೂರ್ಯ, ಪಕ್ಕದಲ್ಲಿ ಬುಧ, ಶುಕ್ರ, ಭೂಮಿ... ಎಲ್ಲಾ ಸಾಲಾಗಿ, ಬಸ್ಸಿಗೆ ಕಾದು ನಿಂತವರ ಥರ. ಚಿತ್ರ ಬರೆದವರ ಕಷ್ಟವೂ ಅರ್ಥ ಆಗುತ್ತೆ. ಭೂಮಿಯನ್ನು ಒಂದು ಸೆಂಟಿಮೀಟರ್ ಬರೆದರೆ ಸೂರ್ಯ ಒಂದು ಮೀಟರಿಗಿಂತ ದೊಡ್ಡದಾಗಬೇಕು, ನೆಪ್ಚೂನ್ ಬರೆಯೋಕೆ ಮೂರೂವರೆ ಕಿಲೋಮೀಟರ್ ಉದ್ದದ ಕಾಗದ ಬೇಕು. ಯಾವ ಪುಸ್ತಕದಲ್ಲೂ ಆಗದ ಕೆಲಸ ಅದು.

ಪುಸ್ತಕದಲ್ಲಿ ಆಗಲ್ಲ, ಆದರೆ ರಸ್ತೆಯಲ್ಲಿ ಆಗುತ್ತೆ! ನನ್ನ ವಾದ ಇಷ್ಟೇ. ಸೌರವ್ಯೂಹದ ಪಾಠವನ್ನು ಗೋಡೆಯ ಮೇಲಿಂದ ಇಳಿಸಿ ರಸ್ತೆಗೆ ತನ್ನಿ. ದೂರ ಅನ್ನೋದು ಕಣ್ಣಿಗಿಂತ ಕಾಲಿಗೆ ಚೆನ್ನಾಗಿ ಅರ್ಥ ಆಗುತ್ತೆ.

ಲೆಕ್ಕ ಸುಲಭ. ಹತ್ತು ಲಕ್ಷ ಕಿಲೋಮೀಟರಿಗೆ ಒಂದು ಮೀಟರ್ ಅಂತ ಇಟ್ಟುಕೊಳ್ಳಿ. ಆಗ ಸೂರ್ಯ 1.4 ಮೀಟರ್ ಅಗಲ, ಹೆಚ್ಚುಕಮ್ಮಿ ಒಂದು ಎತ್ತಿನ ಗಾಡಿ ಚಕ್ರ. ಅದನ್ನು ವೇಮಗಲ್ ಬಸ್ ಸ್ಟಾಂಡ್ ಹತ್ತಿರ ನಿಲ್ಲಿಸಿ, ಕೋಲಾರದ ಕಡೆ ನಡೆಯೋಣ ಬನ್ನಿ.

58 ಮೀಟರಿಗೆ ಬುಧ, ಒಂದು ಮೆಣಸಿನ ಕಾಳು.
108 ಮೀಟರಿಗೆ ಶುಕ್ರ, ಒಂದು ಸಣ್ಣ ಗೋಲಿ.
150 ಮೀಟರಿಗೆ ಭೂಮಿ, ಇನ್ನೊಂದು ಸಣ್ಣ ಗೋಲಿ. ಅದರಿಂದ 38 ಸೆಂಟಿಮೀಟರ್ ದೂರದಲ್ಲಿ ಚಂದ್ರ, ಒಂದು ಹೆಸರುಕಾಳು.
228 ಮೀಟರಿಗೆ ಮಂಗಳ, ಒಂದು ಒಣ ಬಟಾಣಿ.
778 ಮೀಟರಿಗೆ ಗುರು, ಒಂದು ಚಿಕ್ಕ ಕರಬೂಜ.
1.4 ಕಿಲೋಮೀಟರಿಗೆ ಶನಿ, ಸುಲಿದ ತೆಂಗಿನಕಾಯಿ.
2.9 ಕಿಲೋಮೀಟರಿಗೆ ಯುರೇನಸ್, 4.5 ಕಿಲೋಮೀಟರಿಗೆ ನೆಪ್ಚೂನ್. ಇವೆರಡೂ ಐದೈದು ಸೆಂಟಿಮೀಟರಿನವು, ಅಂದರೆ ನಮ್ಮ ಕೋಲಾರದ ಟೊಮ್ಯಾಟೊ!

ಅಷ್ಟೇ, ಗ್ರಹಗಳು ಮುಗಿದವು. ನಾವಿನ್ನೂ ಕೋಲಾರದ ಅರ್ಧ ದಾರಿಗೂ ಬಂದಿಲ್ಲ. ಮೊದಲು ಮನಸ್ಸಿಗೆ ತಟ್ಟೋದು ಗ್ರಹಗಳಲ್ಲ, ಅವುಗಳ ನಡುವಿನ ಖಾಲಿ ಜಾಗ. ಬಟಾಣಿಯಿಂದ ಕರಬೂಜದವರೆಗೆ ಅರ್ಧ ಕಿಲೋಮೀಟರಿಗೂ ಹೆಚ್ಚು ನಡೀಬೇಕು. ಆ ನಡುವೆ ಇರೋ ಕ್ಷುದ್ರಗ್ರಹಗಳಲ್ಲಿ ಅತಿ ದೊಡ್ಡದಾದ ಸಿರಿಸ್ ಒಂದು ರಾಗಿ ಕಾಳಿಗಿಂತ ಚಿಕ್ಕದು. ಸಿನಿಮಾಗಳಲ್ಲಿ ಬಂಡೆಗಳ ನಡುವೆ ನೌಕೆ ಅಡ್ಡಾದಿಡ್ಡಿ ಓಡಿಸ್ತಾರಲ್ಲ, ಆ ಕಷ್ಟ ಅಲ್ಲಿಲ್ಲ.

ಈಗ ಆದಿತ್ಯನನ್ನು ಇಡಿ. ಭೂಮಿ ಅನ್ನೋ ಗೋಲಿಯಿಂದ ಸೂರ್ಯನ ಕಡೆಗೆ ಒಂದೂವರೆ ಮೀಟರ್. ಎರಡು ಹೆಜ್ಜೆ! ಚಕ್ರ ಇನ್ನೂ 148 ಮೀಟರ್ ಆಚೆ ಇದೆ. ಸೂರ್ಯನ ಹತ್ತಿರ ನಿಜಕ್ಕೂ ಹೋಗಿದ್ದು ಅಮೆರಿಕದ ಪಾರ್ಕರ್ ನೌಕೆ. 2024ರ ಡಿಸೆಂಬರ್ 24ರಂದು ಅದು ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯ್ತು. ನಮ್ಮ ರಸ್ತೆಯಲ್ಲಿ ಅದು ಚಕ್ರದಿಂದ ಆರು ಮೀಟರ್. ಇದನ್ನು ಒಂದು ಸಲ ನಡೆದು ನೋಡಿದ ಹುಡುಗಿಗೆ ಯಾವ ಟೀವಿಯೂ ಕಥೆ ಕಟ್ಟೋಕಾಗಲ್ಲ.

ಗ್ರಹಣವೂ ಇಲ್ಲೇ ಅರ್ಥ ಆಗುತ್ತೆ. ಗೋಲಿ ಇದ್ದ ಜಾಗದಲ್ಲಿ ಕಣ್ಣಿಟ್ಟು 38 ಸೆಂಟಿಮೀಟರ್ ಮುಂದೆ ಹೆಸರುಕಾಳು ಹಿಡಿದರೆ, 150 ಮೀಟರ್ ದೂರದ ಗಾಡಿ ಚಕ್ರ ಸರಿಯಾಗಿ ಅದರ ಹಿಂದೆ ಅಡಗುತ್ತೆ. ಕಾಳನ್ನು ಒಂದೆರಡು ಸೆಂಟಿಮೀಟರ್ ಆಚೆ ಸರಿಸಿ. ಚಕ್ರದ ಅಂಚು ಬಳೆಯ ಹಾಗೆ ಇಣುಕುತ್ತೆ. 2019ರ ಡಿಸೆಂಬರ್ 26ರಂದು ಮಂಗಳೂರು, ಮಡಿಕೇರಿ ಕಡೆ ಕಂಡ ಕಂಕಣ ಗ್ರಹಣ ಇದೇ. ರಾಹುವೂ ಬೇಡ, ಕೇತುವೂ ಬೇಡ, ಅಡುಗೆ ಮನೆಯ ಹೆಸರುಕಾಳು ಸಾಕು. (ನಿಜವಾದ ಸೂರ್ಯನನ್ನು ಮಾತ್ರ ಗ್ರಹಣದ ಕನ್ನಡಕ ಇಲ್ಲದೆ ನೋಡಬೇಡಿ.)

ಕುಜದೋಷ ಅಂತ ಮದುವೆ ಮುರಿಯೋ ಮನೆಗಳಿಗೂ ಈ ರಸ್ತೆ ತೋರಿಸಬೇಕು. ಬಟಾಣಿ ಗೋಲಿಗೆ ಅತಿ ಹತ್ತಿರ ಬಂದರೂ ನಡುವೆ ಐವತ್ತು ಮೀಟರಿಗಿಂತ ಹೆಚ್ಚಿರುತ್ತೆ. ಆ ಬಟಾಣಿ, ಗೋಲಿಯ ಮೇಲಿನ ಒಬ್ಬ ಹುಡುಗಿಯ ಹಣೆಬರಹ ಕೆಡಿಸೋಕೆ ಹೊಂಚು ಹಾಕಿ ಕೂತಿದೆಯಾ? ವಾದ ಮಾಡಿದರೆ ಜಗಳ ಆಗುತ್ತೆ. ಸುಮ್ಮನೆ ನಡೆಸಿಕೊಂಡು ಹೋದರೆ ಒಂದು ನಗುವಾದರೂ ಬರಬಹುದು.

ಬೆಳಕಿನ ವೇಗ ಕೇಳಿ. ಈ ಅಳತೆಯಲ್ಲಿ ಬೆಳಕು ಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತೆ, ಆಗ ತಾನೇ ನಡೆಯೋಕೆ ಕಲಿತ ಮಗುವಿನ ಹಾಗೆ. ಚಕ್ರದಿಂದ ಗೋಲಿಗೆ ಬರೋಕೆ ಎಂಟು ನಿಮಿಷ ದಾಟುತ್ತೆ, ನೆಪ್ಚೂನ್ ಮುಟ್ಟೋಕೆ ನಾಲ್ಕು ಗಂಟೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನದ ಎಂಜಿನ್ ಹೊತ್ತಿಕೊಂಡ ಸುದ್ದಿ ನಮಗೆ ತಲುಪಿದ್ದು ಸುಮಾರು 12 ನಿಮಿಷ ಆದ ಮೇಲೆ. ಬೆಂಗಳೂರಿನಲ್ಲಿ ಕೂತು ಸ್ಟೀರಿಂಗ್ ತಿರುಗಿಸೋ ಹಾಗಿರಲಿಲ್ಲ, ಎಲ್ಲಾ ಆಜ್ಞೆಗಳನ್ನೂ ಮೊದಲೇ ತುಂಬಿ ಇಟ್ಟಿದ್ದರು. ಆ ಸಾಧನೆಯ ತೂಕ ಗೊತ್ತಾಗಬೇಕಾದರೆ ಮೊದಲು ದೂರ ಗೊತ್ತಾಗಬೇಕು.

1977ರಲ್ಲಿ ಹೊರಟ ವಾಯೇಜರ್-1 ಈಗ ನಮ್ಮ ಅಳತೆಯಲ್ಲಿ 25 ಕಿಲೋಮೀಟರ್ ದಾಟಿದೆ. ನಕ್ಷೆಯಲ್ಲಿ ವೇಮಗಲ್‌ನಿಂದ ಹೊಸಕೋಟೆ ಕಡೆಗೆ ಗೆರೆ ಎಳೆದರೆ ಹೆಚ್ಚುಕಮ್ಮಿ ಹೊಸಕೋಟೆಯ ಆಸುಪಾಸು. ಮನುಷ್ಯ ಮಾಡಿದ ವಸ್ತು ಹೋಗಿರೋ ಅತಿ ದೂರ ಅದು. ಸೂರ್ಯನ ನಂತರದ ಅತಿ ಹತ್ತಿರದ ನಕ್ಷತ್ರ, ಪ್ರಾಕ್ಸಿಮಾ ಸೆಂಟಾರಿ, ಎಲ್ಲಿಡಬೇಕು? 40 ಸಾವಿರ ಕಿಲೋಮೀಟರ್ ದೂರದಲ್ಲಿ. ಭೂಮಿಯ ಸುತ್ತಳತೆಯೇ ಅಷ್ಟು! ಅಂದರೆ ಪ್ರಪಂಚ ಪೂರ್ತಿ ಸುತ್ತಿ ಮತ್ತೆ ವೇಮಗಲ್ಲಿಗೇ ಬರಬೇಕು.

"ಇದನ್ನೆಲ್ಲ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ತೋರಿಸ್ತಾರಲ್ಲ" ಅನ್ನಬಹುದು. ತೋರಿಸ್ತಾರೆ, ಆದರೆ ಅಲ್ಲಿ ಬೆರಳು ಸರಿಸಿದರೆ ಗುರು, ಇನ್ನೊಮ್ಮೆ ಸರಿಸಿದರೆ ಶನಿ. ನಾವು ಅನುಭವಿಸಬೇಕಾದ ದೂರವನ್ನೇ ಅದು ನುಂಗಿಬಿಡುತ್ತೆ. "ಪರೀಕ್ಷೆಗೆ ಬರಲ್ಲ" ಅನ್ನೋದು ಇನ್ನೊಂದು ಮಾತು. ಕೋಟಿಗೆ ಎಷ್ಟು ಸೊನ್ನೆ, ಅನುಪಾತ ಅಂದರೇನು, ಸ್ಕೇಲ್ ಹೇಗೆ ಹಾಕೋದು, ಇವೆಲ್ಲ ಪರೀಕ್ಷೆಗೆ ಬರುತ್ತಲ್ಲ ಸ್ವಾಮಿ?

ಸ್ವೀಡನ್‌ನವರು ಸ್ಟಾಕ್‌ಹೋಮ್‌ನ ಒಂದು ದೊಡ್ಡ ಗೋಳಾಕಾರದ ಕ್ರೀಡಾಂಗಣವನ್ನೇ ಸೂರ್ಯ ಅಂತ ಇಟ್ಟುಕೊಂಡು ದೇಶದ ಉದ್ದಕ್ಕೂ ಗ್ರಹಗಳನ್ನು ನಿಲ್ಲಿಸಿದ್ದಾರೆ. ನಮಗೆ ಅಷ್ಟೆಲ್ಲ ಬೇಡ. ಒಂದು ಹಳೇ ಚಕ್ರ, ಎಂಟು ಕಲ್ಲು. ಕೋಲಾರದ ಸೀಮೆಯಲ್ಲಿ ಕಲ್ಲಿಗೆ ಬರವೇ? ಪಟ್ಟಣ ಪಂಚಾಯಿತಿ ಮನಸ್ಸು ಮಾಡಿದರೆ ವಾರದ ಕೆಲಸ. ಕಲ್ಲಿನ ಮೇಲೆ ಗ್ರಹದ ಹೆಸರು, ದೂರ, ಪಕ್ಕದಲ್ಲಿ ಆ ಅಳತೆಯ ಒಂದು ಗುಂಡು. ಕೈಗಾರಿಕಾ ಪ್ರದೇಶ ಬಂದ ಮೇಲೆ ಲಾರಿ ಓಡಾಟ ಜಾಸ್ತಿ, ಅದಕ್ಕೇ ಗುರುವಿನವರೆಗೆ ಮಾತ್ರ ಮೇಷ್ಟರ ಜೊತೆ ಸಾಲಾಗಿ ನಡೆಸಿದರೆ ಸಾಕು, ಒಂದು ಕಿಲೋಮೀಟರೂ ಇಲ್ಲ. ಉಳಿದ ಕಲ್ಲುಗಳು ಬಸ್ಸಿನ ಕಿಟಕಿಯಿಂದ ದಿನಾ ಕಾಣ್ತಾ ಇರಲಿ. ಕಾಲೇಜಿಗೆ ಕೋಲಾರಕ್ಕೆ ಹೋಗೋ ಹುಡುಗರು "ಶನಿ ಬಂತು, ಟಿಕೆಟ್ ತಗೊಂಡ್ಯಾ?" ಅಂತ ಕೇಳೋ ಕಾಲ ಬಂದರೆ ನನಗೆ ಅದೇ ಖುಷಿ.

ಪಂಚಾಯಿತಿ ಮಾಡೋವರೆಗೆ ಕಾಯಬೇಕಾಗಿಲ್ಲ. ಒಂದು ಭಾನುವಾರ, ಒಂದು ಅಳತೆ ಟೇಪು, ಅಡುಗೆ ಮನೆಯಿಂದ ನಾಲ್ಕು ಕಾಳು, ಎರಡು ಗೋಲಿ, ಜೊತೆಗೆ ಮನೆಯ ಮಕ್ಕಳು ಸಾಕು. ಶಿರಸಿಯವರು, ಧಾರವಾಡದವರು, ಕಾಸರಗೋಡಿನವರು, ದೂರದ ದೇಶದಲ್ಲಿರೋರು... ನೀವು ನಿಮ್ಮ ಊರಿನ ಸೂರ್ಯನನ್ನು ಎಲ್ಲಿ ನಿಲ್ಲಿಸ್ತೀರಿ? ನಿಮ್ಮ ನೆಪ್ಚೂನ್ ಯಾರ ಮನೆ ಮುಂದೆ ಬರುತ್ತೆ? ಅಳೆದು ನೋಡಿ ಹೇಳಿ.