20 ವರ್ಷದ ಕನಿಷ್ಠ ಶಿಕ್ಷೆ ಮತ್ತು ಕೊಪ್ಪಳದ ತಾಯಿ ಕಾರ್ಡ್

2025ರ ಏಪ್ರಿಲ್ 13, ಭಾನುವಾರ. ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವೊಂದನ್ನು ಎತ್ತಿಕೊಂಡು ಹೋಗಿ ಕೊಲ್ಲಲಾಯಿತು. ದುಡಿಮೆಗಾಗಿ ಹುಬ್ಬಳ್ಳಿ ಸೇರಿದ್ದ ಆ ಕುಟುಂಬ ಕೊಪ್ಪಳ ಜಿಲ್ಲೆಯ ಕಡೆಯದು. ಅದೇ ದಿನ ಆರೋಪಿ ಪೊಲೀಸರ ಗುಂಡಿಗೆ ಸತ್ತ. ಗಂಗಾವತಿಯಿಂದ ಯಲಬುರ್ಗಾವರೆಗೆ ಎಷ್ಟು ಜನರ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ 'ನ್ಯಾಯ ಸಿಕ್ಕಿತು' ಅಂತ ಬಂದಿತ್ತು, ನೆನಪಿರಬಹುದು. ಆಮೇಲೆ ಸರ್ಕಾರ ಎನ್‌ಕೌಂಟರ್ ಬಗ್ಗೆ ಸಿಐಡಿ ತನಿಖೆಗೆ ಆದೇಶಿಸಿತು. ಆ ಹೊತ್ತಿಗೆ ನಮ್ಮ ಸ್ಟೇಟಸ್ ಬೇರೆ ವಿಷಯಕ್ಕೆ ಹೋಗಿತ್ತು.

ಆ ಸಿಟ್ಟನ್ನು ತಪ್ಪು ಅನ್ನಲಾರೆ. ಆ ದಿನ ನನಗೂ ಅದೇ ಸಿಟ್ಟು ಬಂದಿತ್ತು. ಪ್ರಶ್ನೆ ಇರುವುದು ಅದರ ನಂತರದ ರಾಜಕೀಯದ ಬಗ್ಗೆ. ಮಗುವಿನ ಮೇಲೆ ದೌರ್ಜನ್ಯವಾದಾಗಲೆಲ್ಲ ಎಲ್ಲ ಪಕ್ಷದವರೂ ಒಂದೇ ಬೇಡಿಕೆ ಇಡುತ್ತಾರೆ: ಕಾನೂನು ಇನ್ನೂ ಕಠಿಣವಾಗಲಿ, ಇಂತಿಷ್ಟು ವರ್ಷ ಜೈಲು ಕಡ್ಡಾಯವಾಗಲಿ, ನ್ಯಾಯಾಧೀಶರಿಗೆ ಕಡಿಮೆ ಮಾಡುವ ಅವಕಾಶವೇ ಬೇಡ. ಈ ಬೇಡಿಕೆ ಇಡುವವರು ಹೇಳದ ಒಂದು ಮಾತಿದೆ. ಅದು ಈಗಾಗಲೇ ಆಗಿದೆ.

ಆಗಿರುವುದು ಏನು?

ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಲೈಂಗಿಕ ಸಮ್ಮತಿಯ ವಯಸ್ಸು 16ರಿಂದ 18ಕ್ಕೆ ಏರಿದ್ದು ಅದರಿಂದಲೇ. ಆಗ ಅತ್ಯಾಚಾರಕ್ಕೆ ಸಮನಾದ ಅಪರಾಧಕ್ಕೆ ಕನಿಷ್ಠ 7 ವರ್ಷ, ಗಂಭೀರ ಸ್ವರೂಪದ್ದಾದರೆ ಕನಿಷ್ಠ 10 ವರ್ಷ ಶಿಕ್ಷೆ ಇತ್ತು. 2018ರ ಜನವರಿಯ ಕಠುವಾ ಪ್ರಕರಣ ದೇಶವನ್ನು ಅಲ್ಲಾಡಿಸಿತು. ಅದೇ ಏಪ್ರಿಲ್‌ನಲ್ಲಿ ಕೇಂದ್ರ ಸುಗ್ರೀವಾಜ್ಞೆ ತಂದಿತು. 2019ರ ಆಗಸ್ಟ್‌ನಲ್ಲಿ ಪೋಕ್ಸೊಗೂ ತಿದ್ದುಪಡಿ ಆಯಿತು. ಈಗ ಕನಿಷ್ಠ 10 ವರ್ಷ. ಮಗು 16ಕ್ಕಿಂತ ಚಿಕ್ಕದಾದರೆ ಅಥವಾ ಅಪರಾಧ ಗಂಭೀರ ಸ್ವರೂಪದ್ದಾದರೆ ಕನಿಷ್ಠ 20 ವರ್ಷ. ಗಂಭೀರ ಸ್ವರೂಪದ್ದಕ್ಕೆ ಮೇಲಕ್ಕೆ ಜೀವಾವಧಿ, ಮರಣದಂಡನೆವರೆಗೂ ಹೋಗಬಹುದು.

'ಕನಿಷ್ಠ' ಅಂದರೆ ಅಪರಾಧ ಸಾಬೀತಾದ ಮೇಲೆ ನ್ಯಾಯಾಧೀಶರು ಅದಕ್ಕಿಂತ ಒಂದು ದಿನವೂ ಕಡಿಮೆ ಕೊಡುವಂತಿಲ್ಲ. ಹಿಂದೆ ಅತ್ಯಾಚಾರ ಪ್ರಕರಣಗಳಲ್ಲಿ 'ಸೂಕ್ತ ಮತ್ತು ವಿಶೇಷ ಕಾರಣ' ಬರೆದು ಶಿಕ್ಷೆ ಇಳಿಸಬಹುದಿತ್ತು. ಹುಡುಗನ ವಯಸ್ಸು ಚಿಕ್ಕದು, ಇಬ್ಬರಿಗೂ ಈಗ ಬೇರೆ ಬೇರೆ ಮದುವೆಯಾಗಿದೆ ಎಂಬಂಥ ಕಾರಣಗಳಿಗೂ ಶಿಕ್ಷೆ ಇಳಿದದ್ದುಂಟು. ಮಹಿಳಾ ಸಂಘಟನೆಗಳು ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದವು. ದೆಹಲಿ ಪ್ರಕರಣದ ನಂತರ, 2013ರಲ್ಲಿ ಆ ಅವಕಾಶ ಹೋಯಿತು. ಹಾಗಾಗಿ ಕನಿಷ್ಠ ಶಿಕ್ಷೆ ಬರೀ ಸಿಟ್ಟಿನಿಂದ ಹುಟ್ಟಿದ್ದಲ್ಲ. ನ್ಯಾಯಾಲಯಗಳ ಮೇಲಿನ ಅಪನಂಬಿಕೆಗೆ ಕಾರಣಗಳಿದ್ದವು.

ಫಲಿತಾಂಶ ಏನು?

ಎಂಜಿನಿಯರಿಂಗ್‌ನಲ್ಲಿ ನಾನು ಕಲಿತ, ಇವತ್ತಿಗೂ ಕೆಲಸಕ್ಕೆ ಬರುವ ಪಾಠ ಒಂದೇ: ಇನ್‌ಪುಟ್ ಹೆಚ್ಚಿಸಿದಿರಿ ಅಂತ ಔಟ್‌ಪುಟ್ ಹೆಚ್ಚಲ್ಲ, ನಡುವೆ ಎಲ್ಲಿ ಸೋರ್ತಿದೆ ಅಂತ ಮೊದಲು ನೋಡಬೇಕು.

ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿ 2022ರಲ್ಲಿ ಪೋಕ್ಸೊದ ಹತ್ತು ವರ್ಷದ ಇ-ಕೋರ್ಟ್ಸ್ ದತ್ತಾಂಶ ತೆಗೆದು ನೋಡಿತು. ಶೇ 43.44ರಷ್ಟು ವಿಚಾರಣೆಗಳು ಖುಲಾಸೆಯಲ್ಲಿ ಮುಗಿದಿದ್ದವು. ಶಿಕ್ಷೆಯಾಗಿದ್ದು ಶೇ 14.03ರಲ್ಲಿ. ಅಂದರೆ ಒಂದು ಶಿಕ್ಷೆಗೆ ಮೂರು ಖುಲಾಸೆ. ವಿಚಾರಣೆ ಒಂದು ವರ್ಷದಲ್ಲಿ ಮುಗಿಯಬೇಕು ಅಂತ ಕಾಯ್ದೆ ಹೇಳುತ್ತದೆ. ಸರಾಸರಿ 500 ದಿನ ದಾಟಿತ್ತು. ಮೂವರು ಹೊರಗೆ ಹೋಗುವಾಗ ಒಳಗಿರುವ ಒಬ್ಬನ ಶಿಕ್ಷೆಯನ್ನು 10ರಿಂದ 20 ವರ್ಷಕ್ಕೆ ಏರಿಸಿದರೆ ಆ ಮೂವರಿಗೆ ಏನು ವ್ಯತ್ಯಾಸ?

ಇನ್ನೊಂದು ವಿಷಯ. ಎನ್‌ಸಿಆರ್‌ಬಿ ಲೆಕ್ಕದಲ್ಲಿ ಇಂಥ ಪ್ರಕರಣಗಳ ನೂರಕ್ಕೆ 90ಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿರುವವರೇ: ಸಂಬಂಧಿ, ನೆರೆಮನೆಯವ, ಮೇಷ್ಟ್ರು. ಹುಬ್ಬಳ್ಳಿಯಂಥ ಪ್ರಕರಣ ಕಡಿಮೆ, ಮನೆಯೊಳಗಿನದು ಹೆಚ್ಚು. ಆರೋಪಿ ಸ್ವಂತ ಮಾವನೋ ಚಿಕ್ಕಪ್ಪನೋ ಆಗಿದ್ದಾಗ 'ದೂರು ಕೊಟ್ರೆ ಇಪ್ಪತ್ತು ವರ್ಷ ಒಳಗೆ ಹೋಗ್ತಾನೆ, ಅವನ ಹೆಂಡತಿ ಮಕ್ಕಳು ಬೀದಿಗೆ ಬೀಳ್ತಾರೆ' ಎಂಬ ಮಾತು ಹೊರುವವಳು ಆ ಮಗುವಿನ ತಾಯಿ. ಶಿಕ್ಷೆ ದೊಡ್ಡದಾದಷ್ಟೂ ಆ ಒತ್ತಡವೂ ದೊಡ್ಡದು.

ಈಗ ಕೊಪ್ಪಳಕ್ಕೆ ಬನ್ನಿ

ನಮ್ಮ ಜಿಲ್ಲೆಯಲ್ಲಿ ಈ ಕಾನೂನು ಮುಟ್ಟುವ ಇನ್ನೊಂದು ಜಾಗ ಇದೆ, ಬಾಲ್ಯವಿವಾಹ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹಳ್ಳಿಗಳಿಂದ ಜನ ಗುಳೆ ಹೋಗುತ್ತಾರೆ, ಗೋವಾ, ಮಂಗಳೂರು, ಬೆಂಗಳೂರು ಅಂತ. ಹರೆಯದ ಮಗಳನ್ನು ಮನೆಯಲ್ಲಿ ಬಿಟ್ಟು ಹೋಗಲು ಭಯ, ಕಟ್ಟಡದ ಶೆಡ್ಡಿಗೆ ಕರೆದುಕೊಂಡು ಹೋಗಲು ಇನ್ನೂ ಭಯ. ಹತ್ತನೇ ಕ್ಲಾಸ್ ಆದ ಮೇಲೆ ಕಾಲೇಜು ದೂರ, ಬಸ್ಸು ಹೊತ್ತಿಗೆ ಬರಲ್ಲ. 'ಒಂದು ಮದುವಿ ಮಾಡಿ ಕೈ ತೊಳ್ಕೊಳ್ರಿ' ಅನ್ನುವ ಹಿರಿಯರು ಪ್ರತಿ ಓಣಿಯಲ್ಲೂ ಇದ್ದಾರೆ. ಯಾದಿ ಮ್ಯಾಲ ಶಾದಿ ಅಂತ ಬೆಳಿಗ್ಗೆ ಮಾತುಕತೆ, ಸಂಜೆ ತಾಳಿ. ಅಧಿಕಾರಿಗೆ ಫೋನ್ ಹೋಗುವಷ್ಟರಲ್ಲಿ ಊಟದ ಎಲೆ ಎತ್ತಿರುತ್ತಾರೆ.

ಇದಕ್ಕೂ ಕರ್ನಾಟಕ ಕನಿಷ್ಠ ಶಿಕ್ಷೆಯ ಮದ್ದನ್ನೇ ಹಾಕಿದೆ. 2016ರ ರಾಜ್ಯ ತಿದ್ದುಪಡಿ ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧು ಮಾಡಿತು, ಮಾಡಿಸಿದವರಿಗೆ ಕನಿಷ್ಠ ಒಂದು ವರ್ಷ ಜೈಲು ಅಂತ ಬರೆಯಿತು. 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮೆಚ್ಚಿ, ಬೇರೆ ರಾಜ್ಯಗಳೂ ಅನುಸರಿಸಲಿ ಎಂದಿತು. ಅದೇ ತೀರ್ಪಿನಲ್ಲಿ, 18ರೊಳಗಿನ ಹೆಂಡತಿಯ ಜೊತೆಗಿನ ಲೈಂಗಿಕ ಸಂಬಂಧವೂ ಅತ್ಯಾಚಾರವೇ ಎಂದು ಘೋಷಿಸಿತು. ತತ್ವವಾಗಿ ಅದು ಸರಿಯಾದ ತೀರ್ಪು.

ಅಂಕಿಅಂಶ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ, 20ರಿಂದ 24ರ ಹರೆಯದ ಮಹಿಳೆಯರಲ್ಲಿ 18ಕ್ಕೆ ಮುಂಚೆ ಮದುವೆಯಾದವರು ಕರ್ನಾಟಕದಲ್ಲಿ ಶೇ 21.4. ಐದನೇ ಸುತ್ತಿನಲ್ಲಿ (2019-21) ಶೇ 21.3. ಇದನ್ನು ಹಿಡಿದು 'ಕಾನೂನು ಸೋತಿತು' ಅಂತ ಹೇಳಿಬಿಡುವುದು ಸುಲಭ, ಆದರೆ ಅದು ಪೂರ್ತಿ ಸರಿಯಲ್ಲ. ಆ ಸಮೀಕ್ಷೆಯ ಹೆಚ್ಚಿನವರ ಮದುವೆ 2017ಕ್ಕೆ ಮುಂಚೆಯೇ ಆಗಿರಬಹುದು. ಇಷ್ಟು ಮಾತ್ರ ಹೇಳಬಹುದು: ಗುಳೆಯ ಭಯ, ಬಸ್ಸಿಲ್ಲದ ಕಾಲೇಜು, ಇವು ಶಿಕ್ಷೆಯ ಅವಧಿ ನೋಡಿ ಬದಲಾಗುವ ಕಾರಣಗಳಲ್ಲ.

ತಾಯಿ ಕಾರ್ಡ್‌ನಲ್ಲಿ ಬರೆದ ವಯಸ್ಸು

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಡುಗಿಗೆ 17, ಗಂಡನಿಗೆ 21. ಮನೆಯವರೇ ಮಾಡಿದ ಮದುವೆ. ಅವಳು ಬಸುರಿ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸಲು ಕರೆದೊಯ್ಯುತ್ತಾಳೆ, ಆಧಾರ್ ಕೇಳುತ್ತಾರೆ. ವಯಸ್ಸು ಗೊತ್ತಾದ ಮೇಲೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಪೋಕ್ಸೊ ಕಲಂ 19ರ ಪ್ರಕಾರ ಅದು ಕಡ್ಡಾಯ. ತಿಳಿಸದಿದ್ದರೆ ಅವರಿಗೇ ಆರು ತಿಂಗಳವರೆಗೆ ಜೈಲು. ಎಫ್‌ಐಆರ್ ಆಗುತ್ತದೆ. ಸಂತ್ರಸ್ತೆ ಗರ್ಭಿಣಿ, ಆರೋಪಿ ಮದುವೆಯಿಂದ ಆದ ಸಂಬಂಧಿ. ಎರಡೂ ಕಾಯ್ದೆಯ ಕಣ್ಣಲ್ಲಿ 'ಗಂಭೀರ ಸ್ವರೂಪ'. ಕನಿಷ್ಠ ಶಿಕ್ಷೆ 20 ವರ್ಷ.

ಐದು ವರ್ಷದ ಮಗುವಿನ ಮೇಲೆ ಎರಗಿದವನಿಗೂ ಕನಿಷ್ಠ 20, ಇವನಿಗೂ ಕನಿಷ್ಠ 20. ನ್ಯಾಯಾಧೀಶರಿಗೆ ವ್ಯತ್ಯಾಸ ಕಂಡರೂ ಕೆಳಗಿಳಿಯುವಂತಿಲ್ಲ. ಮದುವೆ ಮಾಡಿಸಿದ ಹಿರಿಯರಿಗೆ ಮಾತ್ರ ಒಂದರಿಂದ ಎರಡು ವರ್ಷ.

ಮುಂದೆ ಏನಾಗುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ಪ್ರಮುಖ ಸಾಕ್ಷಿ ಅವಳೇ. ಹನುಮಸಾಗರದ ಕಡೆಯ ಹಳ್ಳಿಯಿಂದ ಬಸ್ ಬದಲಿಸಿ, ಕಂಕುಳಲ್ಲಿ ಕೂಸು ಹೊತ್ತು ಕೊಪ್ಪಳದ ವಿಶೇಷ ನ್ಯಾಯಾಲಯಕ್ಕೆ ಬಂದವಳು ಗಂಡನ ವಿರುದ್ಧ ಹೇಳುತ್ತಾಳಾ? 'ನನಗೇನೂ ಗೊತ್ತಿಲ್ಲ' ಅನ್ನುತ್ತಾಳೆ. ಪ್ರತಿಕೂಲ ಸಾಕ್ಷಿ ಎನಿಸಿಕೊಳ್ಳುತ್ತಾಳೆ, ಕೇಸು ಖುಲಾಸೆ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳದ 7,064 ಪೋಕ್ಸೊ ತೀರ್ಪುಗಳನ್ನು ಓದಿದಾಗ ಸುಮಾರು ನಾಲ್ಕರಲ್ಲೊಂದು ಪ್ರೇಮ ಪ್ರಕರಣವಾಗಿತ್ತು. ಅವುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಖುಲಾಸೆ. ಇಂಥ ಕೇಸುಗಳು ಕೋರ್ಟಿನ ಸಮಯ ತಿನ್ನುವಾಗ, ನಿಜವಾದ ದೌರ್ಜನ್ಯಕ್ಕೆ ಒಳಗಾದ ಎಂಟು ವರ್ಷದ ಮಗು ಮುಂದಿನ ದಿನಾಂಕಕ್ಕೆ ಕಾಯುತ್ತಿರುತ್ತದೆ.

ಇನ್ನೂ ಕೆಟ್ಟ ದಾರಿ ಅಂದರೆ ಮನೆಯವರು ಅವಳನ್ನು ಆಸ್ಪತ್ರೆಗೇ ಕರೆತರದಿರುವುದು. ರಕ್ತಹೀನತೆ, ಬಿಪಿ ಇರುವ 16-17ರ ಬಸುರಿ ಕಾರ್ಡಿಲ್ಲದೆ, ಸ್ಕ್ಯಾನಿಂಗ್ ಇಲ್ಲದೆ ಹೆರಿಗೆವರೆಗೆ ಹೋದರೆ ಏನಾಗಬಹುದು ಅಂತ ಯಾವ ನರ್ಸ್ ಬೇಕಾದರೂ ಹೇಳುತ್ತಾರೆ. ಅವಳನ್ನು ಕಾಪಾಡಲು ಬರೆದ ಕಾನೂನಿಗೆ ಹೆದರಿಯೇ ಅವಳು ಆಸ್ಪತ್ರೆಯಿಂದ ದೂರ ಉಳಿಯುತ್ತಾಳೆ.

ಧಾರವಾಡ ಪೀಠ ಕೇಳಿದ ಪ್ರಶ್ನೆ

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ನಮ್ಮದೇ ಹೈಕೋರ್ಟ್ ಇದೆ. ಕೊಪ್ಪಳ ಸೇರುವ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಇಂಥದ್ದೇ ಪ್ರಕರಣದಲ್ಲಿ, 16 ದಾಟಿದ ಹುಡುಗಿಯರು ಪ್ರೀತಿಸಿ ಹೋದ ಕೇಸುಗಳು ಹೆಚ್ಚುತ್ತಿವೆ, ವಯಸ್ಸಿನ ಮಾನದಂಡವನ್ನು ಮರುಪರಿಶೀಲಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನು ಕಲಿಸಿ ಎಂದು ಶಿಕ್ಷಣ ಇಲಾಖೆಗೂ ಸೂಚಿಸಿತು. ಆಯೋಗ 2023ರ ಸೆಪ್ಟೆಂಬರ್‌ನ 283ನೇ ವರದಿಯಲ್ಲಿ 18ರ ವಯಸ್ಸನ್ನು ಇಳಿಸುವುದು ಬೇಡ ಎಂದಿತು. ಆದರೆ 16ರಿಂದ 18ರೊಳಗಿನವರ ಸಮ್ಮತಿಯಂತೆ ಕಾಣುವ ಪ್ರಕರಣಗಳಲ್ಲಿ, ವಯಸ್ಸಿನ ಅಂತರ ಮೂರು ವರ್ಷ ಮೀರಿಲ್ಲವೇ ಎಂಬಂಥ ಅಂಶ ನೋಡಿ ಶಿಕ್ಷೆ ಇಳಿಸುವ ವಿವೇಚನೆ ನ್ಯಾಯಾಧೀಶರಿಗೆ ಇರಲಿ ಎಂದಿತು. 2025ರ ಮೇ 23ರಂದು ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ತನ್ನ ವಿಶೇಷ ಅಧಿಕಾರ, ಅಂದರೆ 142ನೇ ವಿಧಿ ಬಳಸಿ, ಅಪರಾಧ ಸಾಬೀತಾದರೂ ಶಿಕ್ಷೆ ವಿಧಿಸಲಿಲ್ಲ. ಆ ಮಹಿಳೆಗೆ ಹೆಚ್ಚು ನೋವು ಕೊಟ್ಟದ್ದು ಆನಂತರದ ಕಾನೂನು ಪ್ರಕ್ರಿಯೆ ಎಂಬುದು ಕೋರ್ಟಿಗೆ ಮನವರಿಕೆಯಾಗಿತ್ತು. ಆದರೆ 142ನೇ ವಿಧಿ ಇರುವುದು ದೆಹಲಿಯಲ್ಲಿ. ಕೊಪ್ಪಳದ ನ್ಯಾಯಾಧೀಶರ ಕೈಯಲ್ಲಿ ಅದಿಲ್ಲ.

ಇದು ನಮ್ಮ ದೇಶದ ಗೊಂದಲ ಮಾತ್ರವಲ್ಲ. 2025ರ ಅಕ್ಟೋಬರ್ 31ರಂದು ಕೆನಡಾದ ಸುಪ್ರೀಂ ಕೋರ್ಟ್, ಮಕ್ಕಳ ಅಶ್ಲೀಲ ಚಿತ್ರ ಇಟ್ಟುಕೊಂಡವರಿಗೆ ಇದ್ದ ಒಂದು ವರ್ಷದ ಕಡ್ಡಾಯ ಜೈಲನ್ನು 5-4 ಬಹುಮತದಿಂದ ರದ್ದು ಮಾಡಿತು. ಗೆಳೆಯ ಕಳಿಸಿದ, 17ರ ಹುಡುಗಿಯ ಚಿತ್ರ ಫೋನ್‌ನಲ್ಲಿ ಉಳಿಸಿಕೊಂಡ 18ರ ಹುಡುಗನೂ ಅದೇ ಬಲೆಗೆ ಬೀಳುತ್ತಾನೆ ಎಂಬುದು ಬಹುಮತದ ವಾದ. ಅಲ್ಲೂ ರಾಜಕಾರಣಿಗಳು ಕೆರಳಿದರು.

ಹಾಗಾದರೆ ಏನು ಮಾಡಬೇಕು?

ವಿವೇಚನೆ ವಾಪಸ್ ಕೊಡಿ ಅನ್ನುವಾಗ ಒಂದು ಅಪಾಯ ಮರೆಯಬಾರದು. ಬಾಲ್ಯವಿವಾಹದ ಜಿಲ್ಲೆಯಲ್ಲಿ '16 ದಾಟಿತ್ತು, ಅವಳಿಗೂ ಒಪ್ಪಿಗೆ ಇತ್ತು' ಎಂಬ ವಾದವನ್ನು ಮೊದಲು ಎತ್ತುವವನು 30ರ ಗಂಡ. ಅದಕ್ಕೇ 18ರ ವಯಸ್ಸು ಇಳಿಯಬಾರದು. ಶಿಕ್ಷಕ, ವಾರ್ಡನ್, ಪೊಲೀಸ್, ರಕ್ತಸಂಬಂಧಿ, ವಯಸ್ಸಿನ ದೊಡ್ಡ ಅಂತರ ಇರುವವನು, ಇವರಿಗೆ ಕನಿಷ್ಠ ಶಿಕ್ಷೆ ಹಾಗೇ ಇರಲಿ. 16 ತುಂಬದ ಮಗುವಿನ ವಿಷಯದಲ್ಲೂ ಹಾಗೇ ಇರಲಿ. ವಿವೇಚನೆ ಬೇಕಿರುವುದು 16ರಿಂದ 18ರ, ಸಮವಯಸ್ಕರ ಚಿಕ್ಕ ಗುಂಪಿಗೆ ಮಾತ್ರ, ಅದೂ ಕಾರಣ ಲಿಖಿತವಾಗಿ ಕೊಟ್ಟು. 17-21ರ ನಮ್ಮ ಉದಾಹರಣೆ ಮೂರು ವರ್ಷದ ಗೆರೆಯಾಚೆ ಬೀಳುತ್ತದೆ, ಗೊತ್ತು. ಗೆರೆ ಎಲ್ಲಿ ಎಳೆಯಬೇಕು ಅನ್ನುವುದೇ ಶಾಸನಸಭೆಯಲ್ಲಿ ನಡೆಯಬೇಕಾದ ನಿಜವಾದ ಚರ್ಚೆ.

ಉಳಿದದ್ದಕ್ಕೆ ಹೊಸ ಕಾನೂನೇ ಬೇಡ. ಮಗುವಿನ ಸಾಕ್ಷ್ಯವನ್ನು 30 ದಿನದೊಳಗೆ ಪಡೆಯಬೇಕು ಎಂಬುದು ಕಲಂ 35ರಲ್ಲೇ ಇದೆ. ಪ್ರತಿ ಮಗುವಿಗೂ ಜೊತೆಗಿರುವ ಸಹಾಯಕ ವ್ಯಕ್ತಿ, ಮಧ್ಯಂತರ ಪರಿಹಾರ ಎರಡೂ ನಿಯಮಗಳಲ್ಲಿವೆ. 2025ರ ಆಗಸ್ಟ್‌ನಲ್ಲಿ ಯಾದಗಿರಿಯ ಶಹಾಪುರದಲ್ಲಿ ಸರ್ಕಾರಿ ವಸತಿ ಶಾಲೆಯ ವಿದ್ಯಾರ್ಥಿನಿ ಶೌಚಾಲಯದಲ್ಲಿ ಹೆತ್ತಳು. ಒಂಬತ್ತು ತಿಂಗಳು ಯಾರಿಗೂ ಕಾಣದೇ ಹೋದದ್ದನ್ನು ಯಾವ ಕನಿಷ್ಠ ಶಿಕ್ಷೆ ಕಾಣಿಸುತ್ತಿತ್ತು?

ಜಿಲ್ಲಾ ಪಂಚಾಯಿತಿ ಚುನಾವಣೆ ಯಾವಾಗ ಬಂದರೂ, ನಿಮ್ಮ ಊರಿಗೆ ಬಂದು 'ಗಲ್ಲಿಗೇರಿಸ್ತೀವಿ' ಅನ್ನುವವರಿಗೆ ಮೂರು ಪ್ರಶ್ನೆ ಕೇಳಿ. ಕೊಪ್ಪಳದ ಕೋರ್ಟಿನಲ್ಲಿ ಎಷ್ಟು ಪೋಕ್ಸೊ ಕೇಸು ಒಂದು ವರ್ಷ ದಾಟಿವೆ? ಎಷ್ಟು ಮಕ್ಕಳಿಗೆ ಮಧ್ಯಂತರ ಪರಿಹಾರ ಸಿಕ್ಕಿದೆ? ಗುಳೆ ಹೋಗುವ ಮನೆಗಳ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಸೀಟು ಎಷ್ಟಿವೆ? ಉತ್ತರ ಬರದಿದ್ದರೆ ಅವರ ಜೊತೆ ಕಠಿಣ ಕಾನೂನಿನ ಮಾತು ಮುಂದುವರಿಸುವ ಅಗತ್ಯ ಇಲ್ಲ.