ಗಣಕಯಂತ್ರಗಳ ಸ್ತಂಭನವೂ ಯಜಮಾನರ ಹಕ್ಕೂ

ಸನ್ 2024ನೆಯ ಜುಲೈ 19ನೆಯ ತಾರೀಖು ಶುಕ್ರವಾರದಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಯಂತ್ರಗಳು ನೀಲಿ ಪರದೆಯನ್ನು ತೋರಿಸಿ ಸ್ತಬ್ಧವಾದ ಸಂಗತಿಯು ವಾಚಕರಿಗೆ ವಿದಿತವೇ ಇದೆ. ವಿಮಾನಗಳು ನಿಂತವು, ಆಸ್ಪತ್ರೆಗಳ ಕೆಲಸವು ಕುಂಠಿತವಾಯಿತು, ನಮ್ಮ ದೇಶದಲ್ಲಿಯೂ ವಿಮಾನ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಡಬೇಕಾಯಿತು. ಇದು ಯಾವ ಶತ್ರುವಿನ ಕೃತ್ಯವೂ ಆಗಿರಲಿಲ್ಲವೆಂಬುದೇ ಇಲ್ಲಿನ ವಿಶೇಷವು. ಕಳ್ಳರನ್ನು ತಡೆಯಲೆಂದು ನೇಮಿಸಿದ ಕಾವಲುಗಾರನೇ ಮನೆಯ ನಡುಗಂಬವನ್ನು ಉರುಳಿಸಿದ್ದನು.

ಅಮೆರಿಕೆಯ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಫಾಲ್ಕನ್ ಎಂಬ ರಕ್ಷಣಾ ತಂತ್ರಾಂಶವು, ವಿಂಡೋಸಿನ ಗರ್ಭಗುಡಿಯೆನ್ನಬಹುದಾದ ಕರ್ನೆಲ್ಲಿನೊಳಗೆ ಕುಳಿತು ಕೆಲಸ ಮಾಡತಕ್ಕದ್ದು. ಹೊರಗಿನ ತಂತ್ರಾಂಶವು ತಪ್ಪಿದರೆ ಸಾಮಾನ್ಯವಾಗಿ ಅದೊಂದೇ ನಿಲ್ಲುವುದು. ಒಳಗಿನದು ತಪ್ಪಿದರೆ ಇಡೀ ಯಂತ್ರವೇ ನಿಲ್ಲುವುದು. ಅಂದು ನಮ್ಮ ಕಾಲಮಾನದಂತೆ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಹೊರಟ ಹೊಸ ಕಡತವು 21 ವಿವರಗಳನ್ನು ಅಪೇಕ್ಷಿಸಿತು. ಯಂತ್ರಗಳಲ್ಲಿದ್ದ ತಂತ್ರಾಂಶವು 20ನ್ನು ಮಾತ್ರ ಒದಗಿಸುತ್ತಿದ್ದಿತು. ಇಲ್ಲದ 21ನೆಯದನ್ನು ಹುಡುಕುತ್ತ ಅದು ತನ್ನದಲ್ಲದ ಸ್ಮೃತಿಭಾಗಕ್ಕೆ ಕೈಚಾಚಲು, ವಿಂಡೋಸು ಕುಸಿಯಿತು. 78 ನಿಮಿಷಗಳಲ್ಲಿ ಸಂಸ್ಥೆಯವರು ಕಡತವನ್ನು ಹಿಂತೆಗೆದುಕೊಂಡರು. ಆದರೆ ಬಿದ್ದ ಯಂತ್ರವು ತಿದ್ದುಪಡಿಯನ್ನು ಪಡೆಯುವುದೆಂತು? ಅನೇಕ ಕಡೆಗಳಲ್ಲಿ ನೌಕರರು ಒಂದೊಂದು ಯಂತ್ರದ ಮುಂದೆಯೂ ಕುಳಿತು, ಅದನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ, ಆ ಕಡತವನ್ನು ಅಳಿಸಬೇಕಾಯಿತು. ಬಿಟ್‌ಲಾಕರಿನ ಬೀಗವಿದ್ದಲ್ಲಿ 48 ಅಂಕಿಗಳ ಕೀಲಿಯನ್ನೂ ಹುಡುಕಬೇಕಾಯಿತು.

ತಪ್ಪು ಎಲ್ಲರಿಂದಲೂ ಆಗುವುದು. ಅದಕ್ಕಿಂತ ಗುರುತರವಾದ ಸಂಗತಿಯು ಬೇರೆಯಿದೆ. ಹೊಸ ಆವೃತ್ತಿಯನ್ನು ಪರೀಕ್ಷಿಸಿದ ಹೊರತು ಸ್ವೀಕರಿಸಬಾರದೆಂದು ಹಳೆಯದನ್ನೇ ಇಟ್ಟುಕೊಂಡಿದ್ದ ಜಾಗರೂಕರೂ ಅಂದು ಪಾರಾಗಲಿಲ್ಲ. ಅವರ ಕಟ್ಟುಪಾಡು ತಂತ್ರಾಂಶಕ್ಕೆ ಅನ್ವಯಿಸುತ್ತಿದ್ದಿತೇ ಹೊರತು ಈ ಬಗೆಯ ಕಡತಗಳಿಗೆ ಅನ್ವಯಿಸುತ್ತಿರಲಿಲ್ಲ. ಯಂತ್ರವು ಯಾರದೋ ಅವರಿಗೆ ಬೇಡವೆನ್ನುವ ಅಧಿಕಾರವಿರಲಿಲ್ಲ! ಕಳ್ಳನ ಹೊಸ ಉಪಾಯಕ್ಕೆ ತತ್‌ಕ್ಷಣವೇ ಪ್ರತ್ಯುಪಾಯವು ಬೇಕೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮೊದಲು ಕೆಲವು ಯಂತ್ರಗಳಿಗೆ ಮಾತ್ರ ಕಳುಹಿಸಿ ನೋಡಿದ್ದರೆ ಅನರ್ಥವು ಅಲ್ಲಿಯೇ ನಿಲ್ಲುತ್ತಿದ್ದಿತು. ಹಂತಹಂತವಾಗಿ ಕಳುಹಿಸುವ ಕ್ರಮವನ್ನೂ ಗ್ರಾಹಕರಿಗೆ ತಡೆಯುವ ಅಧಿಕಾರವನ್ನೂ ಸಂಸ್ಥೆಯು ಆ ಬಳಿಕ ಒದಗಿಸಿತೆಂಬುದೇ ಇದಕ್ಕೆ ಸಾಕ್ಷಿ.

ನಮ್ಮಲ್ಲಿ 10 ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಿಗೆ ಮಾತ್ರ ಅಲ್ಪ ತೊಂದರೆಯಾಯಿತೆಂದು ರಿಸರ್ವ್ ಬ್ಯಾಂಕು ಅಂದೇ ತಿಳಿಸಿತು. ಆ ತಂತ್ರಾಂಶವನ್ನು ಬಳಸುತ್ತಿದ್ದ ಬ್ಯಾಂಕುಗಳು ಕೆಲವೇ ಆಗಿದ್ದುದು ಇದಕ್ಕೆ ಒಂದು ಕಾರಣ. ಬೆಂಕಿಯು ನೆರೆಮನೆಗೆ ಬಿದ್ದುದರಿಂದ ನಮ್ಮ ಮನೆಯ ಸೂರು ಭದ್ರವೆಂದು ತಿಳಿಯಲಾಗದು. ಒಳಮನೆಗೆ ಪ್ರವೇಶವಿರುವ ಪ್ರತಿಯೊಂದು ತಂತ್ರಾಂಶದ ತಿದ್ದುಪಡಿಯನ್ನೂ ಮೊದಲು ಒಂದೆರಡು ಯಂತ್ರಗಳಲ್ಲಿ ಪರೀಕ್ಷಿಸುವ ಹಕ್ಕು ಕರಾರಿನಲ್ಲಿಯೇ ಇರತಕ್ಕದ್ದು. ಬೀಗದ ಕೀಲಿಗಳು ಯಂತ್ರದ ಹೊರಗೆ ಭದ್ರವಾಗಿರತಕ್ಕದ್ದು. ಯಂತ್ರವಿಲ್ಲದೆ ಒಂದು ದಿನದ ಕೆಲಸವನ್ನು ಸಾಗಿಸುವ ಅಭ್ಯಾಸವು ನೌಕರರಿಗಿರತಕ್ಕದ್ದು. ಸರಕಾರಿ ಕಚೇರಿಗಳೂ ಆಸ್ಪತ್ರೆಗಳೂ ಈ ಮೂರನ್ನು ಇಂದೇ ವಿಚಾರಿಸಿಕೊಳ್ಳಲಿ. ಕಾವಲುಗಾರನನ್ನು ನಂಬಬೇಕು ನಿಜ. ಆದರೆ ಮನೆಯ ಯಜಮಾನಿಕೆಯನ್ನೇ ಅವನಿಗೆ ಒಪ್ಪಿಸಿ ನಿದ್ರಿಸುವುದು ವಿವೇಕವಲ್ಲ.